ಹೀರಿ ಬೀಜದ ಕುಳ್ಳು

ಓದಿದವ್ರು ಈ ಕಥಿನ ಒಂದು ತಾಸು ಎಳೀತಾರ. ಅಷ್ಟು ಬೇಕಾಗಿಲ್ಲ.

ಹೊಳಿ ದಂಡಿಗೆ ಒಂದು ಮಠ. ಅಲ್ಲೊಬ್ರು ಅಜ್ಜಾರು, ಅವ್ರಿಗೊಬ್ಬ ಶಿಷ್ಯ, ಕಲ್ಲಯ್ಯ ಅಂತ. ಮಠದ ಹಿಂದ ಊರ ಮಂದಿ ಕೂಡಿ ಮಾಡೋ ಕಾಯಿಪಲ್ಲೆ ತ್ವಾಟ. ಇಪ್ಪತ್ತು ಮನಿ, ಮನಿಗೊಂದು ಮಡಿ.

ಬೀಜ ಕಾಯೋದು ಮಠದ ಕೆಲಸ. ಹುಳ ಹತ್ತಬಾರ್ದು ಅಂತ ಅಜ್ಜಾರು ಹೀರಿ ಬೀಜ ಸಗಣ್ಯಾಗ ಒತ್ತಿ, ಕುಳ್ಳು ತಟ್ಟಿ, ಗ್ವಾಡಿಗೆ ಬಡಿದಿದ್ರು. ಗುರ್ತಿಗೆ ಸುಣ್ಣದ ಬಟ್ಟು.

ಶಿವರಾತ್ರಿ ಆತು. ಚಳಿ ಹೋತು.

"ಕಲ್ಲಯ್ಯ, ಬೀಜದ ಕುಳ್ಳು ತಾ. ಸಸಿ ಮಾಡೋಣು."

"ಅವು ಇಲ್ರಿ ಅಜ್ಜಾರ. ಒಲಿಗೆ ಹಾಕಿ ನಿಮ್ಮ ಜಳಕಕ್ಕ ನೀರು ಕಾಸಿದೆ."

"ಬಟ್ಟು ಕಾಣಲಿಲ್ಲೇನು?"

"ಕಂಡಿತ್ರಿ. ಆದ್ರ ನೀವ ಹೇಳೀರಲ್ರಿ, ಎಲ್ಲಾ ಒಂದ, ಭೇದ ಎಣಿಸಬ್ಯಾಡ ಅಂತ."

ಹೇಳುವಾಗ ಅವನ ಎದಿ ಗೇಣು ಉಬ್ಬಿತ್ತು. ಪಾಠ ಅಂದ್ರ ಹಿಂಗ ನುಂಗಬೇಕು ಅಂತ.

ಅಜ್ಜಾರು ಬೈಯಲಿಲ್ಲ. ಒಲ್ಯಾಗಿನ ಬೂದಿ ಬಳದು ಅವನ ಉಡ್ಯಾಗ ಸುರುವಿದ್ರು.

"ಇಪ್ಪತ್ತು ಕರಟದಾಗ ಇದನ್ನ ಬಿತ್ತು. ದಿನಾ ನೀರು ಹಾಕು."

"ಬೂದಿ ಹುಟ್ಟತೈತೇನ್ರಿ?"

"ಎಲ್ಲಾ ಒಂದ ಅಲ್ಲೇನಪಾ?"

ಕಲ್ಲಯ್ಯ ಬಿತ್ತಿದ. ನೀರು ಹಾಕಿದ. ಹೆಣ್ಮಕ್ಕಳು ಸಸಿ ಕೇಳಾಕ ಬಂದ್ರು.

"ನಾಕು ದಿನ ತಡೀರಿ," ಅಂದ. ನಾಕು ದಿನ ಆದವು. "ಇನ್ನೆರಡು ದಿನ," ಅಂದ. ಅಜ್ಜಾರು ಕಟ್ಟಿ ಮ್ಯಾಲ ಕುಂತು ಕೇಳಿಸ್ಕೊಂಡ್ರು.

ಅದು ಆ ಊರಿನ ಬೀಜ. ಬ್ಯಾರೆ ಕಡೆ ಸಿಗಾಂಗಿಲ್ಲ. ಹೋತು ಅಂದ್ರ ಹೋತು. ಕಲ್ಲಯ್ಯ ರಾತ್ರಿ ಎದ್ದೆದ್ದು ಕರಟ ನೋಡತಿದ್ದ.

ಯುಗಾದಿ ಎಂಟು ದಿನ ಇತ್ತು. ಕಡೀ ಮಡಿಯ ತಿರಕವ್ವ ಬಂದಾಕಿನ ಕರಟದಾಗ ಬೆರಳು ಇಟ್ಟು ತಿರುವಿದ್ಲು.

"ಏನೋ ಇದು, ಬರೇ ಬೂದಿ?"

ಕಲ್ಲಯ್ಯ ಅಜ್ಜಾರ ಕಡೆ ನೋಡಿದ. ಅಜ್ಜಾರು ಹೊಳಿ ಕಡೆ ನೋಡಾಕತ್ತಿದ್ರು.

"ಯವ್ವಾ, ಬೀಜ ಸುಟ್ಟೀನಿ. ಮ್ಯಾಲ ಸುಳ್ಳೂ ಹೇಳೀನಿ. ಇಪ್ಪತ್ತು ಮನಿಗೂ ಹೋಗಿ ಹೇಳ್ತೀನಿ."

"ಮದ್ಲ ನಮ್ಮ ಮನಿಗೆ ಬಾ."

ಆಕಿ ಅಡಗಿಮನಿ ಗ್ವಾಡ್ಯಾಗ ಒಂದ ಒಂದು ಕುಳ್ಳು ಇತ್ತು. ಸುಣ್ಣದ ಬಟ್ಟು ಇತ್ತು.

"ನಾನೂ ಒಂದು ತಟ್ಟಿದ್ದೆ. ನನಗ ಮಠದ ಮ್ಯಾಲ ಭಕ್ತಿ ಐತಿ," ಅಂದ್ಲು ತಿರಕವ್ವ. "ಮಠದ ಶಿಷ್ಯರ ಮ್ಯಾಲ ಇಲ್ಲ."

ಕಲ್ಲಯ್ಯ ಆ ಕುಳ್ಳು ಕೂಸಿನಂಗ ಎತ್ಕೊಂಡು ಉಳಿದ ಮನಿಗೆಲ್ಲಾ ಹೋದ. ತಪ್ಪು ಹೇಳಿದ, ಬೈಸ್ಕೊಂಡ. ಮಠಕ್ಕ ಬಂದು ಮುರಿದ. ಇಪ್ಪತ್ತಾರು ಬೀಜ.

ಕರಟದ ಬೂದಿ ಚೆಲ್ಲಲಿಲ್ಲ, ಮಣ್ಣಾಗ ಕಲಸಿ ಬೀಜ ಊರಿದ. ಯುಗಾದಿ ಮುಂಜಾನಿ ಇಪ್ಪತ್ತೂ ಕರಟದಾಗ ಎರಡೆರಡು ಎಲಿ.

"ಜಳಕಕ್ಕ ನೀರು ಕಾಸು," ಅಂದ್ರು ಅಜ್ಜಾರು.

ಕಲ್ಲಯ್ಯ ಕುಳ್ಳಿನ ಒಟ್ಲ ಮುಂದ ಕುಂತ. ಒಂದು ಕುಳ್ಳು ತಗೊಂಡ, ಹೊಳ್ಳಿಸಿ ನೋಡಿದ, ಮುರಿದು ಬೆಳಕಿಗೆ ಹಿಡಿದ, ಬಾಜೂಕ ಇಟ್ಟ. ಇನ್ನೊಂದು ತಗೊಂಡ.

ಹೊತ್ತು ನೆತ್ತಿಗೆ ಬಂತು. ಒಲಿ ತಣ್ಣಗ ಕುಂತಿತ್ತು.

"ತಡ ಆತ್ರಿ ಅಜ್ಜಾರ," ಅಂದ. "ಬಟ್ಟು ಇಲ್ಲದ್ದನ್ನೂ ಒಂದೊಂದ ನೋಡಾಕತ್ತಿದ್ದೆ, ಒಳಗ ಬೀಜ ಇದ್ರ ಅಂತ."

ಅಜ್ಜಾರು ಆಗಲೇ ಹೊಳ್ಯಾಗ ಮುಳುಗೆದ್ದು ಬಂದಿದ್ರು. ಗಡ್ಡದಿಂದ ನೀರು ತೊಟ್ಟಿಕ್ಕತಿತ್ತು.

"ನೋಡು ನೋಡು," ಅಂದ್ರು. "ಇವತ್ತ ನಿನಗ ಎಲ್ಲಾ ಒಂದ ಆದ್ವು."