ಕೌದಿಯ ಮೇಲಿನ ತಮ್ಮ

"ಗುರುಗಳೇ, ನಾಳೆಯ ಸಭೆಗೆ ಅರವತ್ತು ಸ್ಲೈಡು ಮಾಡಿದ್ದೇನೆ. ಇನ್ನೂ ಏನು ಸೇರಿಸಿದರೆ ಜನ ಒಪ್ಪಿಯಾರು?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಮಠದ ಹೆಣ್ಣುಮಕ್ಕಳ ಶಾಲೆ ಮಕ್ಕಳಿಲ್ಲದೆ ಮುಚ್ಚುವುದರಲ್ಲಿತ್ತು. ಸುತ್ತಲಿನ ಊರುಗಳ ತಂದೆತಾಯಂದಿರು ನಾಳೆ ಬರುವವರಿದ್ದರು. ಅವರನ್ನು ಒಪ್ಪಿಸುವ ಭಾರ ಚೆನ್ನವೀರನದು. ಅದೇ ಚಿಂತೆಯಲ್ಲಿ ಅವನು ಲ್ಯಾಪ್‌ಟಾಪಿನ ಮೇಲೆ ಬಗ್ಗಿ, ಒಂದು ಸ್ಲೈಡಿನ ಹೂವಿನ ಅಂಚನ್ನು ಎಡಕ್ಕೊಮ್ಮೆ ಬಲಕ್ಕೊಮ್ಮೆ ಸರಿಸಿ ನೋಡುತ್ತಿದ್ದ.

ಗುರುಗಳು ನಕ್ಕರು. "ಅರವತ್ತೇ? ಪ್ರಭವದಿಂದ ಅಕ್ಷಯದವರೆಗೆ ಎಲ್ಲ ಸಂವತ್ಸರಗಳೂ ಮುಗಿದವಲ್ಲಪ್ಪ! ಇರಲಿ, ಒಂದು ಕತೆ ಕೇಳು" ಎಂದು ಹೇಳತೊಡಗಿದರು.

ಹಳೆಯ ಬಟ್ಟೆ ಜೋಡಿಸಿ ಕೌದಿ ಹೊಲಿಯುವ ಒಬ್ಬ ಹೆಂಗಸಿದ್ದಳು. ಅವಳ ತಮ್ಮ ಹತ್ತು ವರ್ಷದವನಿದ್ದಾಗ ಉಪ್ಪು ಹೇರಿದ ಎತ್ತುಗಳ ಬೆನ್ನು ಹತ್ತಿ ಹೋದವನು ತಿರುಗಿ ಬರಲಿಲ್ಲ. ಆಮೇಲೆ ಬೇನೆ ಬಡಿದು ಊರೇ ಖಾಲಿಯಾಯಿತು. ಅವಳು ದೂರದ ಸಂತೆಯೂರಿಗೆ ಬಂದು ನೆಲೆಸಿದಳು. ತಮ್ಮ ಬಂದರೂ ಹಳೆಯ ಊರಿನಲ್ಲಿ ದಾರಿ ಹೇಳುವವರಿಲ್ಲ ಎಂಬುದೇ ಅವಳ ಕೊರಗು. ಉಣ್ಣಲು ಕೂತರೂ ಅವನ ನೆನಪು, ಸೂಜಿ ಹಿಡಿದರೂ ಅವನ ನೆನಪು.

ಒಂದು ಬಿಳಿ ಬಟ್ಟೆಯ ಕೌದಿಯ ಮೇಲೆ ಅವನನ್ನು ಹೊಲಿದಳು. ಬರಿದಲೆಯ ಹುಡುಗ, ಕರು ಒದ್ದು ಸೀಳಿದ ಹುಬ್ಬು, ಅಷ್ಟೆ. ಅದನ್ನು ಸಂತೆಯಲ್ಲಿ ತೂಗುಹಾಕಿ, ಬಂದವರ ಮುಖ ನೋಡಿ, "ಇಂಥಾವನ್ನ ಎಲ್ಲಿಯಾದ್ರೂ ಕಂಡೀರೇನು?" ಎಂದು ಕೇಳುತ್ತಿದ್ದಳು. ಹೆಚ್ಚು ಜನ ನಿಲ್ಲಲಿಲ್ಲ. ಬರಿದಲೆ ಚೆನ್ನಾಗಿ ಕಾಣುವುದಿಲ್ಲ ಎಂದು ಯಾರೋ ಅಂದರು. ರುಮಾಲು ಬಂತು, ಸೀಳುಹುಬ್ಬು ಅದರಡಿ ಮುಚ್ಚಿಹೋಯಿತು. ಇನ್ನೊಬ್ಬರ ಮಾತಿಗೆ ಕುದುರೆ ಬಂತು. ಮತ್ತೆ ನವಿಲು, ಅಂಚಿಗೆ ಕನ್ನಡಿಚೂರು. ಈಗ ಜನ ಮುಗಿಬಿದ್ದರು. ಕೌದಿ ಮಾರುತ್ತೀಯಾ ಎಂದು ಕೇಳುವವರೇ ಎಲ್ಲ. ಅವಳಿಗೂ ಹಿಗ್ಗು ತಡೆಯಲಾಗಲಿಲ್ಲ. ಸಂತೆಯಲ್ಲಿ ಕೂತಾಗಲೂ ಸೂಜಿ ಕೆಳಗಿಡದಾದಳು.

ಹೀಗೇ ಇಪ್ಪತ್ತು ವರ್ಷ ಕಳೆಯಿತು. ಒಂದು ದಿನ ಯಾರೋ ದಾರಿಹೋಕ ಕೌದಿಯ ಮುಂದೆ ನಿಂತ.

"ಯಕ್ಕಾ, ಇಂವ ಯಾವ ರಾಜ?" ಎಂದ.

ಅವಳು ತಲೆ ಎತ್ತಲಿಲ್ಲ. "ತಡಿಯಪಾ, ಕುದುರಿ ಕೊರಳಿಗೆ ಇನ್ನೊಂದು ಗೆಜ್ಜಿ ಉಳದೈತಿ. ಹಾಕಿ ಹೇಳತೀನಿ."

ಅವನು ಕೊಂಚ ಹೊತ್ತು ಕಾದ. ಗೆಜ್ಜೆ ಮುಗಿಸಿ ಅವಳು ನೋಡಿದಾಗ ಎದುರಿಗೆ ಯಾರೂ ಇರಲಿಲ್ಲ.

ಆ ದಿನ ಪಕ್ಕದಲ್ಲಿ ಹೊಸದಾಗಿ ಕೂತು ಅವನನ್ನು ಮಾತಾಡಿಸಿದ್ದ ಬಳೆಗಾರ ಮರುಗಿದ. "ಪಾಪ, ಸಣ್ಣಾಂವ ಇದ್ದಾಗ ಉಪ್ಪಿನ ಎತ್ತಿನ ಸಂಗಾಟ ಹೋಗಿದ್ನಂತ. ಈಗ ಅಕ್ಕನ್ನ ಹುಡುಕ್ಕೋತ ಊರೂರು ತಿರಗಾಕತ್ತಾನ."

ಅವಳು ಸೂಜಿ ಎಸೆದು ಓಡಿದಳು. ಸಂತೆಯಿಂದ ಹೊರಗೆ ಮೂರು ದಾರಿ. ಮೂರರಲ್ಲೂ ಗಾಡಿ, ಜನ, ಧೂಳು. ಗಂಟಲು ಹರಿಯುವಂತೆ ಅವನ ಹೆಸರು ಕೂಗಿದಳು. ತಿರುಗಿ ನೋಡಿದವರೆಲ್ಲ ಬೇರೆಯವರು. 'ಯಕ್ಕಾ' ಎಂದ ಆ ದನಿಯೊಂದು ಕಿವಿಯಲ್ಲಿ ಉಳಿಯಿತು. ದನಿಗೆ ಸೇರಿಸಲು ಅವಳ ಬಳಿ ಒಂದು ಮುಖ ಇರಲಿಲ್ಲ.

ಗುರುಗಳು ಕತೆ ನಿಲ್ಲಿಸಿದರು. ನಾಳೆಯ ಸಭೆ ಇನ್ನೂ ಚೆನ್ನವೀರನನ್ನು ಬಿಟ್ಟಿರಲಿಲ್ಲ.

"ಹಾಗಾದರೆ ಎಷ್ಟು ಸ್ಲೈಡು ಇಟ್ಟುಕೊಳ್ಳಲಿ, ಗುರುಗಳೇ?"

"ಒಬ್ಬ ತಾಯಿ ಎದ್ದುನಿಂತು ಕರೆದರೆ, ನಿನಗೆ ತಲೆ ಎತ್ತಿ ಅವಳ ಮುಖ ನೋಡಲು ಬಿಡುವು ಸಿಗುವಷ್ಟು."

ಚೆನ್ನವೀರ ಆ ಹೂವಿನ ಅಂಚಿನಿಂದಲೇ ಹಿಡಿದು ಒಂದೊಂದಾಗಿ ಸ್ಲೈಡು ಅಳಿಸತೊಡಗಿದ.