ಪಡುವಣ ಕೋಣೆಯ ಕರೆಂಟು

ಮಲಪ್ರಭೆಯ ದಂಡೆಯ ಆಶ್ರಮದಲ್ಲಿ ಡೀಸೆಲ್ ಎಂಜಿನ್ ನಿಲ್ಲಿಸಿ, ಸೋಲಾರ್ ಕರೆಂಟಿಗೆ ಬಂದು ಒಂದು ತಿಂಗಳಾಗಿತ್ತು. ಅದರ ಉಸ್ತುವಾರಿ ಶಿಷ್ಯ ಇಂದುಧರನದು. ಎಷ್ಟು ಕರೆಂಟು ಹುಟ್ಟಿತು, ಎಲ್ಲಿ ಖರ್ಚಾಯಿತು, ನಾಳೆ ಮೋಡವೋ ಬಿಸಿಲೋ, ಎಲ್ಲವನ್ನೂ ಅವನ ಕಂಪ್ಯೂಟರಿನ ಎಐ ಹೇಳುತ್ತಿತ್ತು.

ಒಂದು ಮಧ್ಯಾಹ್ನ ಅದು ಎಚ್ಚರಿಸಿತು: ಇನ್ನು ಮೂರು ದಿನ ಮೋಡ. ಬ್ಯಾಟರಿ ಸಾಲದು. ಪಡುವಣ ಕೋಣೆಯಲ್ಲಿ ಎರಡು ದಿನದಿಂದ ಬಿಡುವಿಲ್ಲದೆ ಕರೆಂಟು ಪೋಲಾಗುತ್ತಿದೆ, ನಿಲ್ಲಿಸಬಹುದು.

ಇಂದುಧರ ಕೂತಲ್ಲಿಂದಲೇ ನಿಲ್ಲಿಸಿದ. ಗುರು ಅಡವಯ್ಯನವರ ಬಳಿ ಹೋಗಿ ಹಿಗ್ಗಿನಿಂದ ಹೇಳಿದ.

ಗುರುಗಳು ಎದ್ದು ಪಡುವಣ ಕೋಣೆಯ ಕಡೆ ಓಡಿದರು. ಎಪ್ಪತ್ತು ದಾಟಿದ ಅವರು ಓಡಿದ್ದನ್ನು ಇಂದುಧರ ಎಂದೂ ಕಂಡಿರಲಿಲ್ಲ. ಅವನೂ ಹಿಂದೆ ಓಡಿದ.

ಕೋಣೆಯಲ್ಲಿ ಮುದುಕಿಯೊಬ್ಬಳು ಮೂಗಿಗೆ ನಳಿಕೆ ಹಾಕಿಕೊಂಡು, ಎದೆ ಹಿಡಿದು, ಏದುಸಿರು ಬಿಡುತ್ತಿದ್ದಳು. ಪಕ್ಕದ ಆಕ್ಸಿಜನ್ ಯಂತ್ರ ನಿಂತು ಕುಯ್ಯೋ ಎಂದು ಕೂಗುತ್ತಿತ್ತು.

"ಗೌರವ್ವ. ಮೊನ್ನೆ ಬಂದವಳು," ಎಂದರು ಗುರುಗಳು.

ಇಂದುಧರ ಕರೆಂಟು ಹಾಕಲು ಫೋನಿನಲ್ಲಿ ಎರಡು ಸಲ ತಪ್ಪು ಒತ್ತಿದ. ಮೂರನೆಯ ಸಲಕ್ಕೆ ಕರೆಂಟು ಬಂತು. ಯಂತ್ರ ಗುರ್ರೆಂದಿತು. ಸ್ವಲ್ಪ ಹೊತ್ತಿಗೆ ಅಜ್ಜಿಯ ಉಸಿರು ಹದಕ್ಕೆ ಬಂತು.

ಅವಳು ಕಣ್ಣು ಬಿಟ್ಟು ಅವನನ್ನು ನೋಡಿದಳು.

"ಯಾಕ ಅಳತಿ ತಮ್ಮಾ? ನಾ ಇನ್ನೂ ಅದೀನಲ್ಲ."

ಹೊರಗೆ ಬಂದ ಇಂದುಧರ, "ಗುರುಗಳೇ, ಈ ಎಐ ಸಹವಾಸ ಸಾಕು. ಡೀಸೆಲ್ ಎಂಜಿನ್ನೇ ಶುರು ಮಾಡ್ತೀನಿ," ಎಂದ.

"ಮೋಡ ಬರ್ತದೆ ಅಂದಿತ್ತಲ್ಲ, ಅದು ಸುಳ್ಳೇನು?"

ಹೊಳೆಯಾಚೆ ಆಗಲೇ ಮೋಡ ಕಟ್ಟಿತ್ತು.

"ಸುಳ್ಳಲ್ಲ."

"ಹಾಗಾದರೆ ಅಜ್ಜಿಯ ವಿಷಯ ಅದಕ್ಕೂ ಹೇಳು. ಆಮೇಲೆ ಕೇಳು."

ಹೇಳಿದ. ಕೇಳಿದ. ಅದು ಬೇರೆ ದಾರಿ ತೋರಿಸಿತು: ಸ್ನಾನಕ್ಕೆ ತಣ್ಣೀರು, ಪಂಪು ದಿನಕ್ಕೆ ಒಂದೇ ಗಂಟೆ, ಗುರುಗಳ ಪ್ರವಚನ ಮೈಕಿಲ್ಲದೆ.

ಮೂರು ದಿನ ಮೋಡ ಕದಲಲಿಲ್ಲ. ಅಜ್ಜಿಯ ಯಂತ್ರವೂ ನಿಲ್ಲಲಿಲ್ಲ. ಡೀಸೆಲ್ ಎಂಜಿನ್ನಿಗೆ ಹೊದಿಸಿದ್ದ ಗೋಣಿತಾಟನ್ನು ಯಾರೂ ತೆಗೆಯಬೇಕಾಗಲಿಲ್ಲ.

ನಾಲ್ಕನೆಯ ಬೆಳಿಗ್ಗೆ ಬಿಸಿಲು ಬಿತ್ತು. ಇಂದುಧರ ಹೊಳೆಯ ಮೆಟ್ಟಿಲ ಮೇಲೆ ಗುರುಗಳ ಪಕ್ಕ ಕೂತು, ಮೂರು ದಿನಗಳ ಮೇಲೆ ಎದೆ ತುಂಬ ಉಸಿರೆಳೆದುಕೊಂಡ.

"ಗುರುಗಳೇ, ಆಶ್ರಮದ ಒಂದೊಂದು ದೀಪವೂ ಅದಕ್ಕೆ ಗೊತ್ತಿತ್ತು. ಕೋಣೆಯಲ್ಲಿ ಅಜ್ಜಿ ಇದ್ದದ್ದು ಯಾಕೆ ಗೊತ್ತಾಗಲಿಲ್ಲ?"

"ಅದಕ್ಕೆ ಕಾಲಿಲ್ಲಪ್ಪ," ಎಂದರು ಗುರುಗಳು. "ನಿನಗಿದ್ದವಲ್ಲ."