ಚಪ್ಪಲಿ ಬಿಟ್ಟು ಹೋಗುವ ಕೋಣೆ

ವಿಜಯಪುರದ ಬಟ್ಟೆ ವ್ಯಾಪಾರಿ ಚನವೀರಪ್ಪನಿಗೆ ಸ್ಟ್ರಾಬೆರಿ ಬೆಳೆಯುವ ಹುಚ್ಚು ಹಿಡಿಯಿತು. ನಗಬೇಡಿ, ಮಕ್ಕಳೇ. ಆ ಬಿಸಿಲೂರಿನಲ್ಲೂ ಅವನು ಬೆಳೆದ. ಮನೆಯ ಹಿಂದಿನ ಕೋಣೆಯ ಕಿಟಕಿ ಮುಚ್ಚಿಸಿ, ತಂಪಿಗೆ ಎ.ಸಿ. ಕೂರಿಸಿ, ಸೂರ್ಯನ ಬದಲು ಹನ್ನೆರಡು ದೊಡ್ಡ ದೀಪ ತೂಗುಹಾಕಿದ.

ಇಷ್ಟು ಭಾರವನ್ನು ಮನೆಯ ಹಳೇ ಬೋರ್ಡು ಹೊರಲಾರದಲ್ಲ? ಹಾಗಾಗಿ ಲಾಲಸಾಬ ಎಂಬ ವೈರಿಂಗ್ ಮಿಸ್ತ್ರಿ ಆ ಕೋಣೆಗೆಂದೇ ಬೇರೆ ಬೋರ್ಡು ಮಾಡಿಕೊಟ್ಟ. ಮೀಟರಿನಿಂದ ದಪ್ಪ ವೈರು ಎಳೆದ, ಸೋರಿದ ಕರೆಂಟು ನೆಲಕ್ಕಿಳಿಯಲು ಅರ್ತಿಂಗ್ ಕೊಟ್ಟ. ಎಲ್ಲ ಸ್ವಿಚ್ಚುಗಳ ಮುಂದೆ ಒಂದು ಟ್ರಿಪ್ ಸ್ವಿಚ್ಚು ಇಟ್ಟ. ಕರೆಂಟು ಎಲ್ಲೇ ಸೋರಲಿ, ಅದು ಥಟ್ಟನೆ ಬಿದ್ದು ಇಡೀ ಕೋಣೆಯನ್ನು ಆರಿಸುತ್ತಿತ್ತು.

ಗಿಡ ಹೂಬಿಟ್ಟಿತು. ಚನವೀರಪ್ಪನಿಗೆ ಆ ಕೋಣೆ ಲಕ್ಷ್ಮಿಯೇ ಆಯಿತು. ಬಾಗಿಲಿಗೆ ಅರಿಸಿನ ಕುಂಕುಮ ಹಚ್ಚಿದ. ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಹೋಗಬೇಕೆಂದು ಕಟ್ಟಪ್ಪಣೆ ಮಾಡಿದ. ಒಳಗೆ ಹೋಗುವವಳು ಒಬ್ಬಳೇ, ನೀರು ಹಾಕುವ ನೀಲವ್ವ. ಸಾಹುಕಾರರು ಬಾಗಿಲಲ್ಲಿ ನಿಂತು ಕೈಮುಗಿದು ಅಂಗಡಿಗೆ ಹೋಗುತ್ತಿದ್ದರು. ಭಕ್ತಿ ಅಷ್ಟಕ್ಕೇ!

ಗಾಳಿ ಸಾಲದೆಂದು ಒಂದು ದಿನ ಅವನೇ ಹಳೇ ಕಬ್ಬಿಣದ ಫ್ಯಾನೊಂದನ್ನು ತಂದು, ಮರದ ಸ್ಟೂಲಿನ ಮೇಲಿಟ್ಟು, ಎರಡು ಎಳೆಯ ವೈರು ಸುತ್ತಿ ಹಚ್ಚಿದ. ಮಾರನೆಯ ದಿನದಿಂದ ಟ್ರಿಪ್ ಸ್ವಿಚ್ಚು ಬೀಳತೊಡಗಿತು. ದಿನಾ ಮುಂಜಾನೆ, ನೀರು ಹಾಕುವ ಹೊತ್ತಿಗೇ. ಬೋರ್ಡು ಮುಟ್ಟಬೇಡವೆಂದು ನೀಲವ್ವನಿಗೆ ಹೇಳಿದ್ದ. ಅವನು ಮಧ್ಯಾಹ್ನ ಬಂದು ಎತ್ತುವಷ್ಟರಲ್ಲಿ ಕೋಣೆ ಕಾದು ಎಲೆ ಬಾಡಿರುತ್ತಿತ್ತು. ತಿಂಗಳ ಕೊನೆಗೆ ಬೀಗರು ಹಣ್ಣು ನೋಡಲು ಬರುವವರಿದ್ದರು. ಮಾನದ ಪ್ರಶ್ನೆ. ಒಂಬತ್ತನೆಯ ದಿನ ಬಿದ್ದ ಸ್ವಿಚ್ಚು ಎತ್ತಿದವನೇ, ಸಿಟ್ಟು ನೆತ್ತಿಗೇರಿ ಮಿಸ್ತ್ರಿಯನ್ನು ಕರೆಸಿದ.

"ಆ ದರಿದ್ರ ಸ್ವಿಚ್ಚು ಕಿತ್ತ ಒಗೀ ಮಾರಾಯ. ನೆಟ್ಟಗ ವೈರ್ ಕೂಡಿಸಿಬಿಡು."

"ನಾಯಿ ಬೊಗಳ್ತದಂತ ನಾಯೀನ ಓಡಸ್ತಾರೇನ್ರಿ ಸಾವಕಾರ್ರ? ಯಾಕ ಬೊಗಳ್ತದ ನೋಡೋಣಲ್ಲ."

"ನೋಡಾಕ ಹೊತ್ತಿಲ್ಲ. ಕೀಳ್ತೀಯೋ, ಬ್ಯಾರೆಯವರನ್ನ ಕರೀಲೋ?"

ಮಿಸ್ತ್ರಿ ಬಾಗಿಲ ಬಳಿ ಬಿಟ್ಟಿದ್ದ ನೀಲವ್ವನ ಚಪ್ಪಲಿ ನೋಡಿದ. ಒಳಗೆ ಒದ್ದೆ ನೆಲ ನೋಡಿದ.

"ಕೀಳ್ತೀನ್ರಿ. ಆದ್ರ ಇವತ್ತ ಉಳದ ಗಿಡಕ್ಕ ನೀರು ನೀವ ಹಾಕ್ರಿ."

ಚನವೀರಪ್ಪ ನೀರಿನ ಡಬ್ಬಿ ಎತ್ತಿಕೊಂಡ. ಚಪ್ಪಲಿ ಬಿಟ್ಟ. ಒಂದು ಕಾಲು ಒಳಗಿಟ್ಟ, ಅಂಗಾಲಿಗೆ ನೀರು ತಾಗಿತು. ಮೆಲ್ಲಗೆ ಕಾಲು ಹಿಂದಕ್ಕೆಳೆದು ಚಪ್ಪಲಿ ಮೆಟ್ಟತೊಡಗಿದ.

"ಚಪ್ಪಲಿ ಯಾಕ್ರೀ? ಒಳಗ ಲಕ್ಷ್ಮಿ ಅದಾಳಲ್ರಿ?" ಎಂದ ಮಿಸ್ತ್ರಿ.

ಅಲ್ಲೇ ನಿಂತಿದ್ದ ನೀಲವ್ವ, "ಏನೂ ಆಗಂಗಿಲ್ರಿ ಸಾವಕಾರ್ರ," ಎಂದು ಧೈರ್ಯ ಹೇಳಿದಳು. "ಮೂಲ್ಯಾಗಿನ ಗಿಡಕ್ಕ ನೀರ ಹಾಕಾಕ ಫ್ಯಾನ್ ಸರಸ್ತೀನಲ್ಲ, ಆವಾಗ ಅಷ್ಟ ಮೈ ಜುಮ್ ಅಂತದ. ಕೂಡ್ಲೆ ದೀಪ ಆರ್ತಾವು. ತಾಯಿ ಮೈಮ್ಯಾಲೆ ಬಂದ್ಲಂತ ದಿನಾ ಕೈಮುಗೀತೀನ್ರಿ."

ಮಿಸ್ತ್ರಿ ರಬ್ಬರ್ ಬೂಟು ಹಾಕಿಕೊಂಡು ಒಳಗೆ ಹೋಗಿ ಫ್ಯಾನಿನ ಮೈಗೆ ಟೆಸ್ಟರ್ ಇಟ್ಟ. ಟೆಸ್ಟರಿನ ದೀಪ ಹತ್ತಿತು. ಎರಡೇ ಎಳೆಯ ವೈರಿಗೆ ಅರ್ತಿಂಗಿನ ಮೂರನೆಯ ಎಳೆ ಎಲ್ಲಿಂದ ಬರಬೇಕು? ಸೋರಿದ ಕರೆಂಟು ಹೋಗಲು ಇದ್ದ ದಾರಿ ನೀಲವ್ವನ ಮೈ ಒಂದೇ.

"ಒಂಬತ್ತು ಸಲ ಬಿದ್ದೈತ್ರಿ ಸ್ವಿಚ್ಚು," ಎಂದ ಮಿಸ್ತ್ರಿ. "ಒಂದ ಸಲ ಇದು ಬೀಳದಿದ್ರ ಆಕಿ ಬೀಳ್ತಿದ್ಲು."

ಚನವೀರಪ್ಪ ಬಾಗಿಲಲ್ಲೇ ಕುಸಿದು ಕೂತ. ಆಮೇಲೆ ಎದ್ದು, ಹೊರಗಿದ್ದ ನೀಲವ್ವನ ಚಪ್ಪಲಿಯನ್ನು ತಾನೇ ಎತ್ತಿ ತಂದು ಅವಳ ಕಾಲ ಮುಂದಿಟ್ಟ. ಫ್ಯಾನು ಆ ದಿನವೇ ಗುಜರಿಗೆ ಹೋಯಿತು. ಬೀಗರು ಬಂದಾಗ ಬಾಡಿದ ಗಿಡಗಳಲ್ಲಿ ಇದ್ದದ್ದು ಏಳೇ ಹಣ್ಣು. ಅದರಲ್ಲಿ ಮೊದಲನೆಯದನ್ನು ನೀಲವ್ವ ತಿಂದಳು. ಹುಳಿ ಎಂದಳು.

ನೀತಿ: ಮತ್ತೆ ಮತ್ತೆ ಅಡ್ಡ ಬರುವುದನ್ನು ಕಿತ್ತೆಸೆಯುವ ಮೊದಲು ಅದು ಯಾರನ್ನು ಕಾಯುತ್ತಿದೆ ಎಂದು ನೋಡಿ. ನೀವು ಕಾಲಿಡಲು ಅಂಜುವ ಜಾಗಕ್ಕೆ ಇನ್ನೊಬ್ಬರನ್ನು ಬರಿಗಾಲಲ್ಲಿ ಕಳಿಸಬೇಡಿ.